ಗುಂಪಿನಾಚೆಯ ಗಿರಾಕಿ

ಹೆಬ್ಬಾಳದ ಮೇಲ್ಸೇತುವೆ ಇಳಿದು ಹೊರವರ್ತುಲ ರಸ್ತೆಯಲ್ಲಿ ನಾಗವಾರದ ಕಡೆ ಹೊರಟರೆ ಮೊದಲು ಸಿಗುವುದು ಕೆಂಪಾಪುರ. 2003ರಲ್ಲಿ ಆ ಸೇತುವೆ ಬಂತು, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು, ಅದೇ ಕಾಲಕ್ಕೆ ನಾಗವಾರದಲ್ಲಿ ಮಾನ್ಯತಾ ಟೆಕ್ ಪಾರ್ಕ್ ಬೆಳೆಯುತ್ತ ಹೋಯಿತು. ಸುಮಾರು 120 ಎಕರೆಯ ಆ ಆವರಣಕ್ಕೆ ದಿನವೂ ಬಂದುಹೋಗುವವರಿಗೆ ಮನೆ ಬೇಕಾಯಿತು, ಊಟ ಬೇಕಾಯಿತು, ಓಡಾಡಲು ಗಾಡಿ ಬೇಕಾಯಿತು. ಕೆಂಪಾಪುರದ ನಿವೇಶನಗಳಲ್ಲಿ ಪಿಜಿಗಳು ಎದ್ದವು. ಕೆಳಗಿನ ಮಳಿಗೆಗಳಿಗೆ ಬೇಕರಿ, ಜೆರಾಕ್ಸ್, ಸಲೂನು, ಇಸ್ತ್ರಿ, ಮೊಬೈಲ್ ರಿಪೇರಿ ಬಂದವು. ಪ್ರೆಸಿಡೆನ್ಸಿ, ಸಿಂಧಿ ಕಾಲೇಜುಗಳ ವಿದ್ಯಾರ್ಥಿಗಳೂ ಇಲ್ಲಿನ ಗಿರಾಕಿಗಳೇ. ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಕಟ್ಟುತ್ತಿರುವ ಮೆಟ್ರೊದ ನೀಲಿ ಮಾರ್ಗದಲ್ಲಿ ಕೆಂಪಾಪುರದ ಹೆಸರಿನದೇ ಒಂದು ನಿಲ್ದಾಣವಿದೆ.

ಇಂಥ ಜಾಗದಲ್ಲಿ ವ್ಯಾಪಾರದ ನಂಟು ಎರಡು ದಾರಿಯಲ್ಲಿ ಹರಿಯುತ್ತದೆ. ಟೆಕ್ ಪಾರ್ಕಿನವರದು ಲಿಂಕ್ಡ್‌ಇನ್. ಅಲ್ಲಿ ಭಾಷೆ ಇಂಗ್ಲಿಷು, ಮಾತು ಕೆಲಸ, ಬಡ್ತಿ, ಹೊಸ ಕಂಪನಿ, ಹೂಡಿಕೆ. ಪಿಜಿ ನಡೆಸುವವರು, ಟೆಂಪೊ ಟ್ರಾವೆಲರ್ ಓಡಿಸುವವರು, ಮನೆಯಲ್ಲಿ ಹೋಳಿಗೆ–ಚಟ್ನಿಪುಡಿ ಮಾಡಿ ಮಾರುವವರು, ಪ್ಲಂಬರು, ಎಲೆಕ್ಟ್ರಿಷಿಯನ್ನರದು ವಾಟ್ಸ್‌ಆ್ಯಪ್. ಅಲ್ಲಿ ಕನ್ನಡ, ತೆಲುಗು, ಉರ್ದು, ಹಿಂದಿ ಎಲ್ಲವೂ ಬೆರೆತಿವೆ. ಅಕ್ಷರಕ್ಕಿಂತ ಧ್ವನಿ ಸಂದೇಶ ಜಾಸ್ತಿ. ಒಂದೇ ರಸ್ತೆಯ ಜನ, ಬಹಳ ಮಂದಿಯ ಕೈಯಲ್ಲಿ ಒಂದೇ ಬಗೆಯ ಫೋನು. ಆದರೂ ಈ ಜಾಲ ಆ ಜಾಲವನ್ನು ಮುಟ್ಟುವುದು ಅಪರೂಪ. ಮಾನ್ಯತಾದ ಯಾವುದೋ ಕಚೇರಿಗೆ ನೂರು ಜನರ ಹಬ್ಬದ ಊಟ ಬೇಕಾದಾಗ, ಎರಡು ಕಿಲೋಮೀಟರ್ ದೂರದಲ್ಲಿ ಅದನ್ನು ಚೆನ್ನಾಗಿ ಮಾಡಬಲ್ಲ ಮನೆ ಇದೆ ಎಂಬುದು ಆ ಕಚೇರಿಗೆ ತಿಳಿಯುವ ದಾರಿಯೇ ಇರುವುದಿಲ್ಲ.

ಸಾಮಾಜಿಕ ಜಾಲತಾಣದಿಂದ ಸಣ್ಣ ವ್ಯಾಪಾರಕ್ಕೆ ದೊಡ್ಡ ಲಾಭ ಆಗಬೇಕಾದದ್ದು ಸರಿಯಾಗಿ ಈ ಎಡೆಯಲ್ಲಿ, ಒಂದು ವಲಯ ಮುಗಿದು ಇನ್ನೊಂದು ಶುರುವಾಗುವ ಕಡೆ. ಬಳಕೆ ಮಾತ್ರ ಹೆಚ್ಚಾಗಿ ಒಳಮುಖವಾಗಿದೆ. ಈಗಾಗಲೇ ಗೊತ್ತಿರುವವರಿಗೇ ಮತ್ತೆ ಮತ್ತೆ ಗೊತ್ತುಮಾಡಿಸುವ ಕೆಲಸಕ್ಕೆ ಗಂಟೆಗಟ್ಟಲೆ ಸಮಯ ಹೋಗುತ್ತಿದೆ.

ಅರ್ಧ ಶತಮಾನದ ಹಿಂದೆ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಇದನ್ನೇ ಲೆಕ್ಕ ಹಾಕಿ ತೋರಿಸಿದ್ದರು. ಬಾಸ್ಟನ್ ಬಳಿಯ ಊರೊಂದರಲ್ಲಿ, ಪರಿಚಯದ ಮೂಲಕ ಹೊಸ ಕೆಲಸ ಹಿಡಿದವರನ್ನು ಕಂಡು, ಸುಳಿವು ಕೊಟ್ಟ ವ್ಯಕ್ತಿಯನ್ನು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಅವರು ಕೇಳಿದರು. ಪದೇ ಪದೇ ಎಂದವರು ನೂರಕ್ಕೆ 17ರಷ್ಟು. ಆಗೊಮ್ಮೆ ಈಗೊಮ್ಮೆ ಎಂದವರು ಸುಮಾರು 56, ಅಪರೂಪಕ್ಕೆ ಎಂದವರು ಸುಮಾರು 28. 1973ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ವಾದ ಸರಳ. ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಮುಖಪರಿಚಯದವರಿಂದ, ಏಕೆಂದರೆ ಅವರು ಬೇರೆ ವಲಯದಲ್ಲಿ ಓಡಾಡುವವರು.

ಈ ವಾದವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲು ಲಿಂಕ್ಡ್‌ಇನ್ ಬರಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಐದು ವರ್ಷಗಳ ಅವಧಿಯಲ್ಲಿ ಸುಮಾರು 2 ಕೋಟಿ ಬಳಕೆದಾರರನ್ನು ಒಳಗೊಂಡಿತ್ತು. ‘ಇವರು ನಿಮಗೆ ಪರಿಚಯವಿರಬಹುದು’ ಎಂದು ತೋರಿಸುವ ಸಲಹೆಗಳನ್ನು ಬೇರೆ ಬೇರೆ ಜನರಿಗೆ ಬೇರೆ ಬೇರೆ ರೀತಿಯಲ್ಲಿ ಕೊಟ್ಟು, ಯಾರಿಗೆ ಕೆಲಸ ಬದಲಾಯಿಸಲು ಯಾವ ನಂಟು ನೆರವಾಯಿತು ಎಂದು ನೋಡಲಾಯಿತು. ತಾವು ಪ್ರಯೋಗದಲ್ಲಿದ್ದೇವೆ ಎಂಬುದು ಆ ಬಳಕೆದಾರರಿಗೆ ತಿಳಿದಿರಲಿಲ್ಲ, ಅದರ ಬಗ್ಗೆ ಆಕ್ಷೇಪವೂ ಬಂತು. ಬರಬೇಕಾದ ಆಕ್ಷೇಪವೇ ಅದು. ಫಲಿತಾಂಶ ಮಾತ್ರ ಗ್ರಾನೊವೆಟರ್ ಅವರ ಪರವಾಗಿತ್ತು. ತೀರಾ ಆಪ್ತರೂ ಅಲ್ಲ, ತೀರಾ ಅಪರಿಚಿತರೂ ಅಲ್ಲ, ನಡುವೆ ಸುಮಾರು ಹತ್ತು ಮಂದಿ ಸಮಾನ ಪರಿಚಿತರಿರುವಂಥ ನಂಟೇ ಹೆಚ್ಚು ಫಲ ಕೊಟ್ಟಿತ್ತು.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ. ಜಾಲತಾಣದ ಬಗ್ಗೆ ಭಾಷಣ ಮಾಡುವವರು ಅದನ್ನು ಹೇಳುವುದು ಕಡಿಮೆ. ಮುಖಪರಿಚಯದಂಥ ದುರ್ಬಲ ನಂಟಿನ ಲಾಭ ಕಂಡದ್ದು ಡಿಜಿಟಲ್ ಕೆಲಸ ಹೆಚ್ಚಿರುವ ಉದ್ಯಮಗಳಲ್ಲಿ. ಅದು ಕಡಿಮೆಯಿರುವ ಕಡೆ ಗಟ್ಟಿ ನಂಟೇ ಮೇಲಾಗಿತ್ತು. ಹಾಗಾದರೆ ಬಡಗಿಗೆ, ಟೈಲರಿಗೆ, ಅಡುಗೆಯವರಿಗೆ ಹಳೆಯ ಬಾಯಿಮಾತೇ ಸಾಕೇ? ಅಷ್ಟಕ್ಕೇ ನಿಲ್ಲಬೇಕಿಲ್ಲ. ಆ ಅಧ್ಯಯನ ನೋಡಿದ್ದು ನೌಕರಿಯನ್ನು. ಗಿರಾಕಿ ಹುಡುಕುವುದು ಬೇರೆ ಕೆಲಸ. ಆದರೂ ಅದು ಒಂದು ಎಚ್ಚರಿಕೆ ಕೊಡುತ್ತದೆ. ಕೈಕೆಲಸದಲ್ಲಿ ಗುಣಮಟ್ಟವನ್ನು ಪರದೆಯ ಮೇಲೆ ಅಳೆಯಲಾಗದು. ಯಾರೋ ಒಬ್ಬರು ‘ನಮ್ಮ ಮನೆಗೆ ಮಾಡಿಕೊಟ್ಟಿದ್ದಾರೆ, ಚೆನ್ನಾಗಿದೆ’ ಎಂದು ಹೊಣೆ ಹೊರಬೇಕು. ಜಾಲತಾಣ ಮಾಡಬಹುದಾದದ್ದು ಆ ಹೊಣೆಯ ಮಾತನ್ನು ಇನ್ನೊಂದು ವಲಯಕ್ಕೆ ದಾಟಿಸುವುದು. ಅಲ್ಲಿಂದ ಮುಂದೆ ಕೆಲಸವೇ ಮಾತಾಡಬೇಕು.

ಫ್ಲಿಪ್‌ಕಾರ್ಟ್‌ನ ಮೊದಲ ಮಾರಾಟ ಇದಕ್ಕೆ ಒಂದು ನಿದರ್ಶನ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಲು ಹೊರಟ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಅವರಿಗೆ ಮೊದಲ ಬೇಡಿಕೆ ಬಂದದ್ದು ನೆಂಟರಿಂದಲೋ ಸಹಪಾಠಿಗಳಿಂದಲೋ ಅಲ್ಲ, ಆಗಿನ ಆಂಧ್ರದ ಮಹಬೂಬ್‌ನಗರದ ಒಬ್ಬ ಎಂಜಿನಿಯರಿಂದ. ಸಚಿನ್ ಯಾವುದೋ ಬ್ಲಾಗಿನ ಅಡಿ ಬಿಟ್ಟಿದ್ದ ಟಿಪ್ಪಣಿಯ ಕೊಂಡಿ ಹಿಡಿದು ಅವರು ಬಂದಿದ್ದರು. ಕೇಳಿದ್ದು ಜಾನ್ ವುಡ್ ಬರೆದ ‘ಲೀವಿಂಗ್ ಮೈಕ್ರೋಸಾಫ್ಟ್ ಟು ಚೇಂಜ್ ದ ವರ್ಲ್ಡ್’. ಆ ಪುಸ್ತಕ ಸುಲಭವಾಗಿ ಸಿಗಲಿಲ್ಲ. ಇಬ್ಬರೂ ಅಂಗಡಿ ಅಂಗಡಿ ಸುತ್ತಿ ಹುಡುಕಿ ಕಳಿಸಿದರು. ಪರಿಚಯ ಆಗಿದ್ದು ಜಾಲದಲ್ಲಿ, ನಂಬಿಕೆ ಹುಟ್ಟಿದ್ದು ಆ ಸುತ್ತಾಟದಿಂದ.

ಕನ್ನಡ ನೆಲದಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ 2021ರದು, ಅದೂ ಮಾರಾಟದ ಬಗ್ಗೆ ಯಾವ ತರಬೇತಿಯೂ ಇಲ್ಲದ ಹಳ್ಳಿಮನೆಗಳಿಂದ. ಕೋವಿಡ್‌ನ ಎರಡನೇ ಅಲೆಯಲ್ಲಿ ಬಾಳೆಯ ಬೆಲೆ ಕುಸಿದು ಗೊನೆಗಳು ತೋಟದಲ್ಲೇ ಕೊಳೆಯುತ್ತಿದ್ದವು. ‘ಅಡಿಕೆ ಪತ್ರಿಕೆ’ಯ ಸಂಪಾದಕ, ಕಾಸರಗೋಡು ಜಿಲ್ಲೆಯ ಶ್ರೀಪಡ್ರೆ ಅವರು ‘ಎನಿ ಟೈಮ್ ವೆಜಿಟೆಬಲ್’ ಎಂಬ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಾಳೆಕಾಯಿಯನ್ನು ಹೆಚ್ಚಿ ಒಣಗಿಸಿ ಹುಡಿ ಮಾಡುವ ವಿದ್ಯೆಗೆ ವೇದಿಕೆ ಕಲ್ಪಿಸಿದರು. ಕೇರಳದ ಆಲಪ್ಪುಳದ ಕಡೆಯ ಅನುಭವ ಆ ಗುಂಪಿನ ಮೂಲಕ ಕರ್ನಾಟಕದ ಮನೆಗಳಿಗೆ ಬಂತು. ಬಾಳೆಕಾಯಿ ಹುಡಿಗೆ ‘ಬಾಕಾಹು’ ಎಂಬ ಹೆಸರು ನಿಂತಿತು. ಶಿರಸಿಯ ಕಡೆಯಿಂದ ತುಮಕೂರಿನವರೆಗೆ ಗೃಹಿಣಿಯರು ರೊಟ್ಟಿ, ದೋಸೆ, ಗುಲಾಬ್ ಜಾಮೂನು ಮಾಡಿ ಚಿತ್ರ ಹಾಕಿದರು, ಹೊಂದಿಕೆ ಎಷ್ಟೆಂದು ಬರೆದರು, ಯಾವುದು ಕೆಟ್ಟಿತು ಎಂಬುದನ್ನೂ ಬರೆದರು. ಕೆಲವರು ಮಾರಾಟಕ್ಕೂ ಇಳಿದರು.

ಬಾಕಾಹುವಿನಲ್ಲಿ ಗಮನಿಸಬೇಕಾದದ್ದು ತಂತ್ರಜ್ಞಾನವನ್ನಲ್ಲ. ಅದು ಎಲ್ಲರ ಕಿಸೆಯಲ್ಲೂ ಇರುವ ಆ್ಯಪು. ಆ ಗುಂಪು ಒಂದು ಊರಿನದಾಗಿರಲಿಲ್ಲ, ಒಂದು ಜಾತಿಯದಾಗಿರಲಿಲ್ಲ, ಒಂದು ಭಾಷೆಗೂ ಕಟ್ಟಿಕೊಂಡಿರಲಿಲ್ಲ. ಒಂದು ಸಮಸ್ಯೆ ಅವರನ್ನು ಸೇರಿಸಿತ್ತು. ಮೇಲಾಗಿ ಅದರ ಹಿಂದೆ ಮೂರು ದಶಕಗಳ ನಂಬಿಕೆ ಇತ್ತು. ಪುತ್ತೂರಿನಿಂದ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟು ಅವರ ಅನುಭವವನ್ನು ಬರೆಸುತ್ತ ಬಂದದ್ದು. ಗುಂಪು ಕಟ್ಟುವುದು ಬೆರಳತುದಿಯ ಕೆಲಸ. ಅದರಲ್ಲಿ ಹೇಳಿದ ಮಾತಿಗೆ ತೂಕ ಬರಲು ಇಷ್ಟು ವರ್ಷಗಳ ಕೆಲಸ ಬೆನ್ನಿಗಿರಬೇಕಾಯಿತು.

ಬೆಂಗಳೂರಿನ ವ್ಯಾಪಾರಿ ಗುಂಪುಗಳು ಹೆಚ್ಚಾಗಿ ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿವೆ. ಸಮುದಾಯದ ಉದ್ಯಮಿಗಳ ಗುಂಪು, ಒಂದೇ ಊರಿನಿಂದ ಬಂದವರ ಗುಂಪು, ಒಂದೇ ಅಪಾರ್ಟ್‌ಮೆಂಟಿನ ‘ಬೈ–ಸೆಲ್’ ಗುಂಪು. ಇವನ್ನು ಹಗುರಾಗಿ ಕಾಣಬಾರದು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದ ಕಾಲದಿಂದ ಇಲ್ಲಿನ ಸಮುದಾಯ ಸಂಘಗಳು, ಅವುಗಳ ವಿದ್ಯಾರ್ಥಿನಿಲಯಗಳು ನಗರದಲ್ಲಿ ಯಾರೂ ಇಲ್ಲದ ಹಳ್ಳಿ ಹುಡುಗರಿಗೆ ಮೊದಲ ಆಸರೆಯಾದವು. ಮೊದಲ ಸಾಲ, ಮೊದಲ ಕೆಲಸ, ಮೊದಲ ಅಂಗಡಿ ಎಷ್ಟೋ ಜನರಿಗೆ ಸಿಕ್ಕಿದ್ದು ಆ ದಾರಿಯಲ್ಲೇ. ಆದರೆ ಅದೇ ಬಾಗಿಲು ಹೊರಗಿನವರಿಗೆ ಮುಚ್ಚಿರುತ್ತದೆ. ದೇಶದ 1,000 ಕಂಪನಿಗಳ ನಿರ್ದೇಶಕ ಮಂಡಳಿಗಳನ್ನು ನೋಡಿದ ಅಧ್ಯಯನವೊಂದು 2012ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟವಾಯಿತು. ಸದಸ್ಯರಲ್ಲಿ ಶೇ 93 ಮಂದಿ ಮುಂದುವರಿದ ಜಾತಿಗಳವರೇ ಎಂದು ಅದು ಕಂಡಿತು. ಮಂಡಳಿಗೆ ಆಯ್ಕೆಯಾಗುವುದು ಅರ್ಹತೆಯಿಂದ ಎಂದು ಹೇಳಬಹುದು. ಅರ್ಹರು ಯಾರೆಂದು ನೆನಪಾಗುವುದು ಮಾತ್ರ ಪರಿಚಯದ ಸುತ್ತಿನೊಳಗಿಂದಲೇ. ಯಾವ ಸಂಘಕ್ಕೂ ಸೇರದ, ಅಪ್ಪ–ಅಜ್ಜನ ವ್ಯಾಪಾರದ ಬೆಂಬಲವಿಲ್ಲದ ಹುಡುಗಿಯೊಬ್ಬಳು ತನ್ನ ಕೆಲಸದ ಚಿತ್ರ ಹಾಕಿ, ಕಂಡರಿಯದವರಿಂದ ಬೇಡಿಕೆ ಪಡೆಯುವ ಸಾಧ್ಯತೆಯನ್ನು ಜಾಲತಾಣ ತೆರೆಯಿತು. ಅದನ್ನು ಮತ್ತೆ ಸಂಘದ ಸದಸ್ಯತ್ವದ ಪಟ್ಟಿಗೆ ಇಳಿಸಿದರೆ ಕಳೆದುಕೊಳ್ಳುವುದು ಬಹಳ.

ಹಾಗಾದರೆ ಎಲ್ಲರಿಗೂ ಎಲ್ಲವನ್ನೂ ಕಳಿಸುವುದೇ ದಾರಿಯೇ? ಅಲ್ಲವೇ ಅಲ್ಲ. ವಾಟ್ಸ್‌ಆ್ಯಪ್ ಗುಂಪಿನ ಮಿತಿ 2022ರಲ್ಲಿ 256ರಿಂದ 512ಕ್ಕೆ, ಅಲ್ಲಿಂದ 1,024ಕ್ಕೆ ಏರಿತು. ಸಾವಿರ ಜನರ ಗುಂಪಿನಲ್ಲಿ ಬೆಳಗಿನ ಶುಭೋದಯದ ನಡುವೆ ಬಿದ್ದ ಜಾಹೀರಾತನ್ನು ಯಾರೂ ನಿಂತು ಓದುವುದಿಲ್ಲ. ಅದಕ್ಕಿಂತ ಬ್ರಾಡ್‌ಕಾಸ್ಟ್ ಪಟ್ಟಿ ಹೆಚ್ಚು ಪ್ರಾಮಾಣಿಕವಾದ ಸಾಧನ. ಅದರಲ್ಲಿ ಕಳಿಸಿದ್ದು ತಲುಪುವುದು ಕಳಿಸಿದವರ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ. ಒಬ್ಬ ಗಿರಾಕಿ ನಂಬರ್ ಉಳಿಸಿಕೊಂಡಿದ್ದಾರೆ ಎಂದರೆ ಮತ್ತೆ ಕರೆಯುವ ಮನಸ್ಸಿದೆ ಎಂದೇ ಅರ್ಥ. ಸಾವಿರ ಸದಸ್ಯರ ಗುಂಪಿಗಿಂತ ಅಂಥ ಎಂಬತ್ತು ಜನರ ಪಟ್ಟಿ ಹೋಟೆಲಿನವರಿಗೂ ಹೊಲಿಗೆಯವರಿಗೂ ಹೆಚ್ಚಿನದು. ಆ ಎಂಬತ್ತು ಜನರಲ್ಲಿ ಐದಾರು ಮಂದಿಯಾದರೂ ಟೆಕ್ ಪಾರ್ಕಿನವರೋ ಕಾಲೇಜಿನವರೋ ಆಸ್ಪತ್ರೆಯವರೋ ಆಗಿದ್ದರೆ, ಹೊಸ ವಲಯಕ್ಕೆ ಸೇತುವೆ ಸಿದ್ಧವಾಯಿತು. ಅವರಲ್ಲಿ ಕೇಳಬೇಕಾದದ್ದು ಇನ್ನೊಂದು ಆರ್ಡರ್ ಅಲ್ಲ, ‘ನಿಮ್ಮ ಆಫೀಸಿನ ಗುಂಪಿನಲ್ಲಿ ಎರಡು ಸಾಲು ಬರೆಯುತ್ತೀರಾ’ ಎಂಬ ಒಂದು ಮಾತು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ, ಬೆಲೆ ಸಮೇತವಾದ ಪುಟ್ಟ ಪಟ್ಟಿ ಜೊತೆಗಿದ್ದರೆ ಆ ಎರಡು ಸಾಲು ಬರೆಯುವುದೂ ಅವರಿಗೆ ಹಗುರ.

ಮನೆಯಿಂದ ವ್ಯಾಪಾರ ಮಾಡುವ ಹೆಂಗಸರಿಗೆ ಇಲ್ಲಿ ಒಂದು ಹೆಚ್ಚಿನ ಭಾರವಿದೆ, ಅದನ್ನು ಮರೆತು ‘ಆನ್‌ಲೈನ್ ಬನ್ನಿ’ ಎಂದು ಕರೆಯುವುದು ಅನ್ಯಾಯ. ಸ್ವಂತ ನಂಬರ್ ನೂರಾರು ಅಪರಿಚಿತರ ಕೈಸೇರಿದರೆ ಹೊತ್ತಲ್ಲದ ಹೊತ್ತಿನ ಕರೆ, ಬೇಡದ ಸಂದೇಶ ಬರುತ್ತವೆ. ಎಷ್ಟೋ ಜನ ಅದಕ್ಕೇ ಕೈಬಿಡುತ್ತಾರೆ. 2018ರ ಜನವರಿಯಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪಿಗೆ ಪ್ರತ್ಯೇಕ ನಂಬರ್ ಕೊಟ್ಟು, ಅದೇ ಫೋನಿನಲ್ಲಿ ಮನೆಯ ಖಾತೆಯನ್ನು ಬೇರೆಯಾಗಿ ಇಟ್ಟುಕೊಳ್ಳಬಹುದು. ಉತ್ತರ ಕೊಡುವ ಸಮಯವನ್ನು ಅಲ್ಲೇ ನಮೂದಿಸಬಹುದು. ಮನೆಯ ವಿಳಾಸವನ್ನು ಆರ್ಡರ್ ಗಟ್ಟಿಯಾಗುವವರೆಗೆ ಕೊಡಬೇಕಿಲ್ಲ. ಒಂದು ಬೀದಿಯ ಐದಾರು ಮನೆಗಳು ಸೇರಿ ಒಂದೇ ವ್ಯಾಪಾರದ ನಂಬರ್ ಇಟ್ಟುಕೊಂಡರೆ ಭಾರ ಇನ್ನೂ ಹಂಚಿಹೋಗುತ್ತದೆ.

ಮೋಸಗಾರರೂ ಇದೇ ದಾರಿ ಬಲ್ಲವರು. ಸೇನೆಯ ಅಧಿಕಾರಿ ಎಂದು ಹೇಳಿಕೊಂಡು ಹೋಟೆಲಿಗೋ ಕೇಟರಿಂಗಿನವರಿಗೋ ದೊಡ್ಡ ಆರ್ಡರ್ ಕೊಟ್ಟು, ‘ಹಣ ಬರಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎನ್ನುವ ಆಟ ದೇಶದುದ್ದಕ್ಕೂ ನಡೆದಿದೆ. ಯುಪಿಐನಲ್ಲಿ ಹಣ ಪಡೆಯಲು ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ದುಡ್ಡು ಹೋಗಿದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಇದಕ್ಕಿಂತ ಆಳದ ಅಪಾಯ ಒಂದಿದೆ. ಜಾಲತಾಣದಲ್ಲಿ ಕಟ್ಟಿದ ನಂಟು ಬಾಡಿಗೆ ಜಾಗದಲ್ಲಿ ಕಟ್ಟಿದ ಮನೆ. ಬೆಂಗಳೂರಿನದೇ ಮೀಶೊ ಇದಕ್ಕೆ ಪಾಠ. ಐಐಟಿ ದೆಹಲಿಯ ವಿದಿತ್ ಆತ್ರೇ, ಸಂಜೀವ್ ಬರ್ನ್‌ವಾಲ್ 2015ರಲ್ಲಿ ಸಣ್ಣ ಬಟ್ಟೆ ಅಂಗಡಿಗಳವರು ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಕಳಿಸಿ ಮಾರುವುದನ್ನು ಗಮನಿಸಿ ಆ ಅಭ್ಯಾಸದ ಮೇಲೆಯೇ ಕಂಪನಿ ಕಟ್ಟಿದರು. ಲಕ್ಷಾಂತರ ಮಂದಿ, ಅವರಲ್ಲಿ ಗೃಹಿಣಿಯರೇ ಬಹಳ, ತಮ್ಮ ಬಳಗಕ್ಕೆ ಸೀರೆ–ಕುರ್ತಾ ಮಾರಿ ಕಮಿಷನ್ ಪಡೆದರು. 2019ರಲ್ಲಿ ಫೇಸ್‌ಬುಕ್ ಮೀಶೊದಲ್ಲಿ ಹಣ ಹಾಕಿತು. ಭಾರತದ ಸ್ಟಾರ್ಟಪ್ ಒಂದರಲ್ಲಿ ಅದರ ಮೊದಲ ಹೂಡಿಕೆ ಅದು. ಮುಂದೆ 2021ರ ಹೊತ್ತಿಗೆ ಕಂಪನಿ ನೇರವಾಗಿ ಗ್ರಾಹಕರಿಗೇ ಮಾರುವ ದಾರಿಗೆ ತಿರುಗಿತು. ವ್ಯವಹಾರದ ದೃಷ್ಟಿಯಿಂದ ಅದು ಕಂಪನಿಯ ಹಕ್ಕು. ಆದರೆ ಬಳಗವನ್ನು ಗಿರಾಕಿಗಳಾಗಿ ಮಾಡಿಕೊಟ್ಟ ಮಧ್ಯದ ಹೆಂಗಸರ ಪಾಲು ಕುಗ್ಗಿತು. ಕನ್ನಡದಲ್ಲೇ ಮೊದಲು ಶುರುವಾದ ಬೆಂಗಳೂರಿನ ಜಾಲತಾಣ ‘ಕೂ’ 2024ರ ಜುಲೈಯಲ್ಲಿ ಬಾಗಿಲು ಹಾಕಿತು. ಅಲ್ಲಿ ಸಾವಿರಾರು ಹಿಂಬಾಲಕರನ್ನು ಕೂಡಿಸಿದವರ ಶ್ರಮ ಅಲ್ಲಿಗೇ ನಿಂತಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಸ್ತಬ್ಧವಾದಾಗ, ಗಿರಾಕಿಗಳ ಪಟ್ಟಿಯನ್ನು ಬೇರೆಲ್ಲೂ ಬರೆದಿಟ್ಟುಕೊಳ್ಳದವರಿಗೆ ಅಷ್ಟು ಹೊತ್ತು ಅವರನ್ನು ತಲುಪುವ ದಾರಿಯೇ ಇರಲಿಲ್ಲ. ಹೆಸರು, ನಂಬರ್, ಯಾವಾಗ ಏನು ಕೊಂಡರು ಎಂಬುದು ಒಂದು ಪುಸ್ತಕದಲ್ಲೋ ಎಕ್ಸೆಲ್ ಹಾಳೆಯಲ್ಲೋ ಸ್ವಂತ ವಶದಲ್ಲಿರಬೇಕು. ಹಳೆಯ ದಿನಸಿ ಅಂಗಡಿಯವರಿಗೆ ಖಾತೆ ಪುಸ್ತಕದ ಬೆಲೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಪರಿಚಯ ಬೆಳೆದು ದೊಡ್ಡ ಕಚೇರಿಯ ಕೆಲಸ ಸಿಕ್ಕಿದರೆ ಮುಂದಿನ ತೊಡಕು ಹಣದ ವಸೂಲಿ. ಇಲ್ಲಿ ಜಾಲತಾಣಕ್ಕಿಂತ ಕಾನೂನು ಹೆಚ್ಚು ನೆರವಾಗುತ್ತದೆ, ಅದರ ಅರಿವು ಮಾತ್ರ ಕಡಿಮೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮದಿಂದ ಸರಕು ಅಥವಾ ಸೇವೆ ಪಡೆದವರು, ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದರ ರಕ್ಷಣೆಗೆ ಉದ್ಯಮ್ ನೋಂದಣಿ ಬೇಕು. 2020ರ ಜುಲೈಯಿಂದ ಅದು ಆನ್‌ಲೈನಿನಲ್ಲಿ ಉಚಿತ. ದರ, ದಿನಾಂಕ, ಪ್ರಮಾಣವನ್ನು ಫೋನಿನಲ್ಲಿ ಮಾತಾಡಿ ಬಿಡುವ ಬದಲು ಸಂದೇಶದಲ್ಲಿ ಬರೆದು, ಅತ್ತಲಿಂದ ಒಪ್ಪಿಗೆ ಪಡೆದಿಟ್ಟುಕೊಂಡರೆ ವಾಟ್ಸ್‌ಆ್ಯಪ್ ಆಗ ಬರೀ ಹರಟೆಯ ಜಾಗವಾಗಿ ಉಳಿಯುವುದಿಲ್ಲ; ವಿದ್ಯುನ್ಮಾನ ದಾಖಲೆಯನ್ನು ನಿಯಮಬದ್ಧ ಪ್ರಮಾಣಪತ್ರದೊಂದಿಗೆ ಸಾಕ್ಷ್ಯವಾಗಿ ಕಾನೂನು ಒಪ್ಪುತ್ತದೆ.

ಹೊಣೆ ಸಣ್ಣವರ ಮೇಲಷ್ಟೇ ಇರಬಾರದು. ಕೇಂದ್ರ ಸರ್ಕಾರದ ಇಲಾಖೆಗಳು ಮತ್ತು ಉದ್ಯಮಗಳು ತಮ್ಮ ಖರೀದಿಯಲ್ಲಿ ಶೇ 25ನ್ನು ಸೂಕ್ಷ್ಮ–ಸಣ್ಣ ಉದ್ಯಮಗಳಿಂದ, ಅದರೊಳಗೆ ಶೇ 3ನ್ನು ಮಹಿಳೆಯರ ಉದ್ಯಮಗಳಿಂದ ಮಾಡಬೇಕೆಂಬ ನೀತಿ ಇದೆ. ಖಾಸಗಿ ಕಂಪನಿಗಳಿಗೆ ಅಂಥ ಕಟ್ಟಳೆ ಇಲ್ಲ. ಆದರೆ ಹೊರವರ್ತುಲ ರಸ್ತೆಯ ಕಚೇರಿಗಳು ಊಟ, ವಾಹನ, ಹೂವು, ಮುದ್ರಣ, ಹೊಲಿಗೆಯಂಥ ತಮ್ಮ ಅಗತ್ಯಗಳನ್ನು ತಿಂಗಳಿಗೊಮ್ಮೆ ಕನ್ನಡದಲ್ಲೂ ಪ್ರಕಟಿಸಿ, ಸುತ್ತಲ ಬಡಾವಣೆಗಳ ಗುಂಪುಗಳಿಗೆ ತಲುಪಿಸಿದರೆ ಖರ್ಚೇನೂ ಇಲ್ಲ.

ಭಾಷೆಯ ಗೋಡೆಯಂತೂ ಒಡೆಯಲೇಬೇಕಾದದ್ದು. ಅಂಗಡಿಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂದು ಕರ್ನಾಟಕ 2024ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು. ಅದೇ ಅಂಗಡಿಯ ಜಾಲತಾಣದ ಪುಟ ತೆರೆದರೆ ಕನ್ನಡದ ಒಂದು ಸಾಲೂ ಕಾಣದೆ ಹೋಗಬಹುದು. ಲಿಂಕ್ಡ್‌ಇನ್ 2021ರ ಕೊನೆಗೆ ಹಿಂದಿಯಲ್ಲಿ ಬಂತು. 2024ರ ಕೊನೆಯಲ್ಲಿ ಬಂಗಾಳಿ, ಮರಾಠಿ, ತೆಲುಗು, ಪಂಜಾಬಿಗಳನ್ನು ಸೇರಿಸಿದಾಗ ಕನ್ನಡ ಆ ಸಾಲಿನಲ್ಲಿರಲಿಲ್ಲ. ಬೆಂಗಳೂರಿನಲ್ಲಿ ದೊಡ್ಡ ಕಚೇರಿ ಇಟ್ಟುಕೊಂಡು, ಇಲ್ಲಿನ ಎಂಜಿನಿಯರುಗಳಿಂದಲೇ ಕೆಲಸ ಮಾಡಿಸಿಕೊಳ್ಳುವ ಕಂಪನಿಯನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರ, ವಾಣಿಜ್ಯ ಮಹಾಸಂಸ್ಥೆ, ಪೀಣ್ಯದ ಕೈಗಾರಿಕಾ ಸಂಘ ಒಟ್ಟಾಗಿ ಇದರ ಬಗ್ಗೆ ಕೇಳಬೇಕು. ಕಾಲೇಜುಗಳ ವಾಣಿಜ್ಯ ವಿದ್ಯಾರ್ಥಿಗಳು ಅಲ್ಲಿಯವರೆಗೆ ಕಾಯಬೇಕಿಲ್ಲ: ಒಂದೊಂದು ಬೀದಿಯ ಅಂಗಡಿಗಳಿಗೆ ಎರಡೂ ಭಾಷೆಯ ಪುಟ, ಬೆಲೆಪಟ್ಟಿ, ಉದ್ಯಮ್ ನೋಂದಣಿ ಮಾಡಿಕೊಡುವುದನ್ನು ಪ್ರಾಜೆಕ್ಟ್ ಕೆಲಸವಾಗಿ ಈ ಸೆಮಿಸ್ಟರಿನಲ್ಲೇ ಶುರು ಮಾಡಬಹುದು.